ಸೀಮೆಎಣ್ಣೆಯ ಹಣ, ಲೋಕದ ಆರೋಗ್ಯ: ಜಾನ್ ಡಿ. ರಾಕ್‌ಫೆಲರ್ ಕಟ್ಟಿದ ದತ್ತಿಯ ಕಥೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ವ್ಯಂಗ್ಯಚಿತ್ರಕಾರರಿಗೆ ಬಿಡುವು ಕೊಡದ ವ್ಯಕ್ತಿಯೊಬ್ಬರಿದ್ದರು. ಅವರ ಹೆಸರು ಜಾನ್ ಡೇವಿಸನ್ ರಾಕ್‌ಫೆಲರ್. ಅವರ ತೈಲ ಕಂಪನಿಯನ್ನು ಚಿತ್ರಕಾರರು ರೈಲು, ಕಾರ್ಖಾನೆ, ಶಾಸನಸಭೆಗಳನ್ನೆಲ್ಲ ತನ್ನ ತೋಳುಗಳಲ್ಲಿ ಬಿಗಿದುಕೊಂಡ ಅಷ್ಟಪಾದಿಯಂತೆ ಬಿಡಿಸುತ್ತಿದ್ದರು. ಅವರ ಹಣವನ್ನು ಮುಟ್ಟುವುದೂ ಪಾಪವೆಂದು ನಂಬಿದ ಧರ್ಮಗುರುಗಳು ಆ ದೇಶದಲ್ಲಿದ್ದರು. ಅದೇ ವ್ಯಕ್ತಿ 1937ರಲ್ಲಿ ತಮ್ಮ 97ನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚುವ ವೇಳೆಗೆ 53 ಕೋಟಿ ಡಾಲರುಗಳಿಗೂ ಮಿಕ್ಕ ಸಂಪತ್ತನ್ನು ದಾನವಾಗಿ ಕೊಟ್ಟಿದ್ದರು. ಆ ಹಣದಿಂದ ಕೊಲ್ಕತ್ತದಲ್ಲಿ ಆರೋಗ್ಯ ಸಂಸ್ಥೆ ಎದ್ದಿತು, ಬೀಜಿಂಗ್‌ನಲ್ಲಿ ವೈದ್ಯಕೀಯ ಕಾಲೇಜು ಬೆಳೆಯಿತು, ಆಫ್ರಿಕದ ಮಾರಕ ಜ್ವರವೊಂದಕ್ಕೆ ಲಸಿಕೆ ಸಿದ್ಧವಾಯಿತು. ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ವೈರಾಣುವನ್ನು ಗುರುತಿಸಿದ ಪ್ರಯೋಗಾಲಯಕ್ಕೂ ಆ ಹಣದ ನಂಟಿದೆ.

ಖಾಸಗಿ ದತ್ತಿ ಪ್ರತಿಷ್ಠಾನವೊಂದು ತನ್ನ ದೇಶದ ಗಡಿ ದಾಟಿ ಅನ್ಯ ದೇಶಗಳ ಅಭಿವೃದ್ಧಿಗೆ ಹಣ ಒದಗಿಸುವ ಪದ್ಧತಿ ಇಂದು ಎಲ್ಲರಿಗೂ ಪರಿಚಿತ. ಅದಕ್ಕೆ ಒಂದು ಖಚಿತ ರೂಪ ಕೊಟ್ಟವರಲ್ಲಿ ರಾಕ್‌ಫೆಲರ್ ಮತ್ತು ಅವರ ಸಲಹೆಗಾರರು ಪ್ರಮುಖರು. ಆ ಪದ್ಧತಿಯ ಶಕ್ತಿಯೂ ದೋಷವೂ ಅವರ ಬದುಕಿನಲ್ಲೇ ಅಡಗಿವೆ.

ಗುಮಾಸ್ತನ ಲೆಕ್ಕದ ಪುಸ್ತಕ

ರಾಕ್‌ಫೆಲರ್ ಜನಿಸಿದ್ದು 1839ರ ಜುಲೈ 8ರಂದು, ನ್ಯೂಯಾರ್ಕ್ ರಾಜ್ಯದ ರಿಚ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ. ತಂದೆ ವಿಲಿಯಂ ಊರೂರು ತಿರುಗಿ ಔಷಧಿ ಮಾರುವವರು. ಮಾತಿನ ಮೋಡಿಗಾರ, ಮನೆಗಿಂತ ದಾರಿಯ ಮೇಲೆ ಕಳೆದ ದಿನಗಳೇ ಹೆಚ್ಚು. ಹೆಂಡತಿ ಬದುಕಿರುವಾಗಲೇ ಬೇರೆ ಹೆಸರಿನಲ್ಲಿ ಮತ್ತೊಂದು ಮದುವೆಯನ್ನೂ ಮಾಡಿಕೊಂಡಿದ್ದ ವ್ಯಕ್ತಿ. ತಾಯಿ ಎಲೈಜಾ ಇದಕ್ಕೆ ತೀರ ವಿರುದ್ಧ ಸ್ವಭಾವದವರು. ಬ್ಯಾಪ್ಟಿಸ್ಟ್ ಪಂಥದ ಶ್ರದ್ಧಾವಂತ ಮಹಿಳೆ, ಮಿತವ್ಯಯಿ, ಕಟ್ಟುನಿಟ್ಟಿನವರು. ತಂದೆಯಿಂದ ವ್ಯಾಪಾರದ ಚಾತುರ್ಯವನ್ನೂ ತಾಯಿಯಿಂದ ಶಿಸ್ತನ್ನೂ ಪಡೆದ ಬಾಲಕ ಕುಟುಂಬದೊಡನೆ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ಪ್ರದೇಶಕ್ಕೆ ಬಂದು ನೆಲೆಸಿದ.

ಹದಿನಾರನೆಯ ವಯಸ್ಸಿನಲ್ಲಿ ಕೆಲಸ ಹುಡುಕುತ್ತ ವಾರಗಟ್ಟಲೆ ಅಂಗಡಿಯಿಂದ ಅಂಗಡಿಗೆ ಅಲೆದ ಆತನಿಗೆ 1855ರ ಸೆಪ್ಟೆಂಬರ್ 26ರಂದು ದವಸಧಾನ್ಯಗಳ ಮಂಡಿಯೊಂದರಲ್ಲಿ ಸಹಾಯಕ ಲೆಕ್ಕಿಗನ ಕೆಲಸ ದೊರೆಯಿತು. ಆ ದಿನವನ್ನು ಅವರು ಜೀವಮಾನವಿಡೀ ಹಬ್ಬದಂತೆ ಆಚರಿಸಿದರು. ಮೊದಲ ಸಂಬಳ ಕೈಸೇರುವ ಹೊತ್ತಿಗಾಗಲೇ ಅವರು ಒಂದು ಸಣ್ಣ ಲೆಕ್ಕದ ಪುಸ್ತಕವನ್ನು ಇಟ್ಟಿದ್ದರು. ಗಳಿಸಿದ್ದು, ಖರ್ಚು ಮಾಡಿದ್ದು, ಕೊಟ್ಟದ್ದು ಎಲ್ಲವೂ ಕಾಸು ಬಿಡದಂತೆ ಅದರಲ್ಲಿ ದಾಖಲಾಗಿವೆ. ಮೊದಲ ವರ್ಷದ ಅಲ್ಪ ಸಂಬಳದಲ್ಲೇ ಶೇಕಡಾ 6ರಷ್ಟು ಚರ್ಚಿಗೆ ಮತ್ತು ಬಡಬಗ್ಗರಿಗೆ ಸಂದಿತ್ತು.

ಈ ಪುಸ್ತಕವನ್ನು ಇಲ್ಲಿ ನೆನೆಯುವುದಕ್ಕೆ ಕಾರಣವಿದೆ. ಸ್ವಾಮಿ ವಿವೇಕಾನಂದರು ಷಿಕಾಗೋದಲ್ಲಿದ್ದಾಗ ರಾಕ್‌ಫೆಲರ್ ಅವರನ್ನು ಕಂಡರೆಂದೂ, ಸಂಪತ್ತು ಲೋಕಹಿತಕ್ಕೆಂದು ತಮ್ಮ ಕೈಗೆ ಬಂದ ನ್ಯಾಸ ಎಂಬ ಅರಿವು ಆ ಭೇಟಿಯಿಂದ ಮೂಡಿ ಮೊದಲ ದೊಡ್ಡ ದಾನಕ್ಕೆ ಪ್ರೇರಣೆಯಾಯಿತೆಂದೂ ನಮ್ಮಲ್ಲಿ ಒಂದು ಕಥೆ ಬಹಳ ಪ್ರಚಾರದಲ್ಲಿದೆ. ಅದು ಯಾರೋ ಹೇಳಿದ ನೆನಪನ್ನು ಮತ್ತಾರೋ ಬರೆದಿಟ್ಟದ್ದರಿಂದ ಹುಟ್ಟಿದ ಕಥೆ. ದಾಖಲೆಗಳು ಬೇರೆಯದನ್ನೇ ತೋರಿಸುತ್ತವೆ. ಅಟ್ಲಾಂಟ ನಗರದಲ್ಲಿ ಕಪ್ಪು ಜನಾಂಗದ ಹೆಣ್ಣುಮಕ್ಕಳಿಗಾಗಿ ಆರಂಭವಾಗಿದ್ದ ಶಾಲೆಗೆ ಅವರು 1882ರಿಂದಲೇ ನೆರವಾಗುತ್ತಿದ್ದರು. ಅವರ ಪತ್ನಿಯ ತವರು ಮನೆತನದ ಹೆಸರು ಹೊತ್ತ ಸ್ಪೆಲ್ಮನ್ ಕಾಲೇಜು ಆ ಶಾಲೆಯಿಂದಲೇ ಬೆಳೆದದ್ದು. ಷಿಕಾಗೋ ವಿಶ್ವವಿದ್ಯಾಲಯದ ಸ್ಥಾಪನೆಗೆ 6 ಲಕ್ಷ ಡಾಲರುಗಳ ವಾಗ್ದಾನ ಮಾಡಿದ್ದು 1889ರಲ್ಲಿ. ಕೊಡುವುದು ಅವರಿಗೆ ಗಳಿಸುವಷ್ಟೇ ಹಳೆಯ ಅಭ್ಯಾಸವಾಗಿತ್ತು.

ತೈಲದ ಸಾಮ್ರಾಜ್ಯ

1859ರಲ್ಲಿ ಪಾಲುದಾರರೊಬ್ಬರ ಜೊತೆಗೂಡಿ ಸ್ವಂತ ಮಂಡಿ ತೆರೆದಾಗ ಬಂಡವಾಳದ ಒಂದು ಭಾಗವನ್ನು ತಂದೆಯೇ ಸಾಲ ಕೊಟ್ಟರು, ಶೇಕಡಾ 10ರ ಬಡ್ಡಿಗೆ. ಅದೇ ವರ್ಷ ಪೆನ್ಸಿಲ್ವೇನಿಯದ ಟೈಟಸ್‌ವಿಲ್ ಎಂಬಲ್ಲಿ ನೆಲ ಕೊರೆದು ಕಲ್ಲೆಣ್ಣೆ ತೆಗೆಯುವುದು ಸಾಧ್ಯವೆಂದು ಸಿದ್ಧವಾಗಿತ್ತು. ತಿಮಿಂಗಿಲದ ಎಣ್ಣೆ ದುಬಾರಿಯಾಗುತ್ತಿದ್ದ ಕಾಲವದು. ದೀಪಕ್ಕೆ ಅಗ್ಗದ ಎಣ್ಣೆ ಬೇಕಿತ್ತು. ಬಾವಿ ತೋಡುವವರ ಜೂಜಿಗೆ ರಾಕ್‌ಫೆಲರ್ ಇಳಿಯಲಿಲ್ಲ. ತೆಗೆದ ಎಣ್ಣೆಯನ್ನು ಶುದ್ಧೀಕರಿಸಿ ಮಾರುವ ವ್ಯವಹಾರದಲ್ಲಿ 1863ರಲ್ಲಿ ಹಣ ತೊಡಗಿಸಿದರು. ಎರಡು ವರ್ಷಗಳ ನಂತರ ಪಾಲುದಾರರೊಡನೆ ಒಡಕು ಬಂದಾಗ ಸಂಸ್ಥೆಯನ್ನು ಹರಾಜಿನಲ್ಲಿ 72,500 ಡಾಲರಿಗೆ ತಾವೇ ಕೊಂಡರು.

1870ರ ಜನವರಿಯಲ್ಲಿ ಸ್ಟಾಂಡರ್ಡ್ ಆಯಿಲ್ ಕಂಪನಿ ಸ್ಥಾಪನೆಯಾಯಿತು. ಪೀಪಾಯಿಯ ಮರದಿಂದ ಹಿಡಿದು ತವರದ ಡಬ್ಬ ಬೆಸೆಯುವವರೆಗೆ ಎಲ್ಲೆಲ್ಲಿ ಕಾಸು ಉಳಿಯಬಹುದೋ ಅಲ್ಲೆಲ್ಲ ಉಳಿಸುವುದು ಅದರ ನೀತಿ. ಆದರೆ ಕಂಪನಿ ಬೆಳೆದದ್ದು ಮಿತವ್ಯಯದಿಂದ ಮಾತ್ರ ಎನ್ನುವಂತಿಲ್ಲ. ರೈಲ್ವೆ ಕಂಪನಿಗಳೊಡನೆ ಗುಟ್ಟಾಗಿ ಮಾತನಾಡಿ ಸಾಗಣೆ ದರದಲ್ಲಿ ರಿಯಾಯಿತಿ ಪಡೆಯುವುದು ಅವರ ಮುಖ್ಯ ಅಸ್ತ್ರ. 1872ರಲ್ಲಿ ರೂಪುಗೊಂಡ ಯೋಜನೆಯೊಂದು ಇನ್ನೂ ಮುಂದೆ ಹೋಗಿ, ಪ್ರತಿಸ್ಪರ್ಧಿಗಳು ತೆರುವ ಸಾಗಣೆ ವೆಚ್ಚದಲ್ಲೂ ಒಂದು ಪಾಲು ರಾಕ್‌ಫೆಲರ್ ಬಳಗಕ್ಕೆ ಸಲ್ಲುವಂತೆ ಹೆಣೆದಿತ್ತು. ಜನ ದಂಗೆಯೆದ್ದರು, ಯೋಜನೆ ರದ್ದಾಯಿತು. ಅಷ್ಟರೊಳಗೆ ಕ್ಲೀವ್‌ಲ್ಯಾಂಡ್‌ನ 26 ಪ್ರತಿಸ್ಪರ್ಧಿ ಶುದ್ಧೀಕರಣ ಘಟಕಗಳ ಪೈಕಿ 22 ಅವರ ಕೈವಶವಾಗಿದ್ದವು. ಆ ದಶಕ ಮುಗಿಯುವ ಹೊತ್ತಿಗೆ ಅಮೆರಿಕದ ತೈಲ ಶುದ್ಧೀಕರಣದಲ್ಲಿ ಸುಮಾರು ಶೇಕಡಾ 90 ಭಾಗ ಒಬ್ಬರದೇ ಹಿಡಿತದಲ್ಲಿತ್ತು.

ಆ ಎಣ್ಣೆ ಕಡಲು ದಾಟಿ ಏಷ್ಯಾಕ್ಕೂ ಬಂತು. ಹರಳೆಣ್ಣೆಯ ಹಣತೆ ಬೆಳಗುತ್ತಿದ್ದ ಮನೆಗಳಿಗೆ ಬುಡ್ಡಿದೀಪ ಬಂದ ಕಾಲವದು. ಹೊರದೇಶದಿಂದ ಬಂದದ್ದೆಂಬ ಕಾರಣಕ್ಕೆ ಕನ್ನಡಿಗರು ಅದನ್ನು ಸೀಮೆಎಣ್ಣೆ ಎಂದು ಕರೆದರು. ರಷ್ಯ ಮತ್ತು ಬರ್ಮಾಗಳ ಎಣ್ಣೆಯೊಡನೆ ಅಮೆರಿಕದ ಎಣ್ಣೆಯೂ ಭಾರತದ ಮಾರುಕಟ್ಟೆಗೆ ಪೈಪೋಟಿ ನಡೆಸಿತು. ರಾಕ್‌ಫೆಲರ್ ಹೆಸರನ್ನೇ ಕೇಳದ ಅದೆಷ್ಟೋ ಸಂಸಾರಗಳು ಅವರ ಸಂಪತ್ತಿಗೆ ಒಂದೊಂದು ಕಾಸು ಸೇರಿಸಿದ್ದಿರಬೇಕು.

ಪ್ರತಿಸ್ಪರ್ಧಿಗಳ ನೋವಿಗೆ ದನಿ ಕೊಟ್ಟವರು ಐಡಾ ಟಾರ್ಬೆಲ್ ಎಂಬ ಪತ್ರಕರ್ತೆ. ಆಕೆಯ ತಂದೆಯೂ ಪೆನ್ಸಿಲ್ವೇನಿಯದ ತೈಲ ಪ್ರದೇಶದಲ್ಲಿ ಸ್ಟಾಂಡರ್ಡ್ ಆಯಿಲ್‌ನಿಂದ ಪೆಟ್ಟು ತಿಂದವರು. 1902ರಿಂದ 1904ರವರೆಗೆ ಮ್ಯಾಕ್‌ಕ್ಲೂರ್ಸ್ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಆಕೆಯ ಲೇಖನಗಳು ನ್ಯಾಯಾಲಯದ ಕಡತಗಳನ್ನು ಜಾಲಾಡಿ ಕಂಪನಿಯ ಒಳಗುಟ್ಟುಗಳನ್ನು ಬೀದಿಗೆ ತಂದವು. ಕೊನೆಗೆ 1911ರ ಮೇ 15ರಂದು ಅಮೆರಿಕದ ಸುಪ್ರೀಂ ಕೋರ್ಟ್ ಸ್ಟಾಂಡರ್ಡ್ ಆಯಿಲ್ ಅನ್ನು ಒಡೆಯಲು ಆದೇಶಿಸಿತು. ಒಂದು ಕಂಪನಿ 34 ಆಯಿತು. ಮೋಟಾರು ವಾಹನಗಳ ಯುಗ ಆರಂಭವಾಗಿದ್ದರಿಂದ ಆ ಕಂಪನಿಗಳ ಷೇರುಗಳ ಬೆಲೆ ಏರಿತು. ಶಿಕ್ಷೆಯೆಂದು ಬಂದ ತೀರ್ಪು ರಾಕ್‌ಫೆಲರ್ ಅವರನ್ನು ಮತ್ತಷ್ಟು ಶ್ರೀಮಂತರನ್ನಾಗಿಸಿತು.

ಚಿಲ್ಲರೆ ದಾನ, ಸಗಟು ದಾನ

ದುಡ್ಡು ಬಂದಂತೆ ಕೇಳುವವರೂ ಬಂದರು. ಅಂಚೆಯ ಚೀಲಗಳು ಸಹಾಯ ಯಾಚಿಸುವ ಪತ್ರಗಳಿಂದ ತುಂಬಿ ತುಳುಕುತ್ತಿದ್ದವು. ಒಂದೊಂದು ಕೋರಿಕೆಯನ್ನೂ ತಾವೇ ಪರಿಶೀಲಿಸುವ ಹಠದಿಂದ ರಾಕ್‌ಫೆಲರ್ ಆರೋಗ್ಯ ಕೆಟ್ಟಿತು. ಆಗ ಅವರ ನೆರವಿಗೆ ಬಂದವರು ಫ್ರೆಡರಿಕ್ ಗೇಟ್ಸ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ. ಷಿಕಾಗೋ ವಿಶ್ವವಿದ್ಯಾಲಯದ ಕೆಲಸದಲ್ಲಿ ಅವರ ಚುರುಕುತನವನ್ನು ಕಂಡಿದ್ದ ರಾಕ್‌ಫೆಲರ್ 1891ರಲ್ಲಿ ಅವರನ್ನು ತಮ್ಮ ಕಚೇರಿಗೆ ಸೇರಿಸಿಕೊಂಡರು.

ಬಿಡಿ ಬಿಡಿ ಅರ್ಜಿಗಳಿಗೆ ಹಣ ಕೊಡುವುದು ಗೇಟ್ಸ್ ದೃಷ್ಟಿಯಲ್ಲಿ ಚಿಲ್ಲರೆ ವ್ಯಾಪಾರ. ದುಃಖದ ಮೂಲವನ್ನು ಹುಡುಕಿ ಅಲ್ಲಿಗೆ ದೊಡ್ಡ ಮೊತ್ತವನ್ನು ಹರಿಸುವುದು ಸಗಟು ವ್ಯಾಪಾರ. ವ್ಯಾಪಾರಿಯಾದ ರಾಕ್‌ಫೆಲರ್‌ಗೆ ಈ ಭಾಷೆ ಕೂಡಲೇ ಅರ್ಥವಾಯಿತು. 1897ರ ಬೇಸಿಗೆಯಲ್ಲಿ ಗೇಟ್ಸ್ ವೈದ್ಯಶಾಸ್ತ್ರದ ಹೆಸರಾಂತ ಪಠ್ಯಪುಸ್ತಕವೊಂದನ್ನು ಆದ್ಯಂತ ಓದಿದರು. ಅಂದಿನ ವೈದ್ಯರು ನಿಜವಾಗಿ ಗುಣಪಡಿಸಬಲ್ಲ ರೋಗಗಳು ಎಷ್ಟು ಕಡಿಮೆ ಎಂಬುದು ಅವರಿಗೆ ಆಗ ಹೊಳೆಯಿತು. ಆಸ್ಪತ್ರೆ ಕಟ್ಟಿಸುವುದಕ್ಕಿಂತ ರೋಗದ ಕಾರಣವನ್ನು ಶೋಧಿಸುವುದು ಮೇಲೆಂದು ಅವರು ತಮ್ಮ ಧಣಿಗೆ ಮನದಟ್ಟು ಮಾಡಿದರು. 1901ರ ಜನವರಿಯಲ್ಲಿ ರಾಕ್‌ಫೆಲರ್ ಮೊಮ್ಮಗ ಕೆಂಜ್ವರದಿಂದ ತೀರಿಕೊಂಡ. ಕೋಟ್ಯಧೀಶನ ಮನೆಯ ಮಗುವನ್ನು ಉಳಿಸುವ ಔಷಧ ಲೋಕದಲ್ಲಿ ಇರಲಿಲ್ಲ. ಅದೇ ವರ್ಷ ನ್ಯೂಯಾರ್ಕಿನಲ್ಲಿ ವೈದ್ಯಕೀಯ ಸಂಶೋಧನೆಯ ರಾಕ್‌ಫೆಲರ್ ಸಂಸ್ಥೆ ಆರಂಭವಾಯಿತು.

ದಾನ ಮಾಡುವುದೂ ಸುಲಭವಾಗಿರಲಿಲ್ಲ. 1905ರಲ್ಲಿ ವಿದೇಶಗಳಲ್ಲಿ ಮತಪ್ರಚಾರ ನಡೆಸುತ್ತಿದ್ದ ಕ್ರೈಸ್ತ ಮಂಡಳಿಯೊಂದಕ್ಕೆ ಅವರು 1 ಲಕ್ಷ ಡಾಲರ್ ಕೊಟ್ಟಾಗ ವಾಷಿಂಗ್ಟನ್ ಗ್ಲ್ಯಾಡನ್ ಎಂಬ ಧರ್ಮಗುರು ಅದು ಕಳಂಕಿತ ಹಣವೆಂದು ಪ್ರತಿಭಟಿಸಿದರು. ದೇಶವೆಲ್ಲ ಆ ಚರ್ಚೆಯಲ್ಲಿ ತೊಡಗಿತು. ಮಂಡಳಿಯೇ ಆ ಹಣಕ್ಕೆ ಬೇಡಿಕೆ ಸಲ್ಲಿಸಿತ್ತೆಂಬ ಸಂಗತಿ ಆಮೇಲೆ ಬಯಲಾಯಿತು. ಆದರೂ ಗ್ಲ್ಯಾಡನ್ ಎತ್ತಿದ ಪ್ರಶ್ನೆ ಹಾಗೆಯೇ ಉಳಿಯಿತು. ಅನ್ಯಾಯದಿಂದ ಬಂದ ಹಣ ಸತ್ಕಾರ್ಯಕ್ಕೆ ಸಂದರೆ ಶುದ್ಧವಾಗುವುದೇ?

ಕೊಕ್ಕೆಹುಳುವಿನ ಪಾಠ

ಮುಂದೆ ಲೋಕದ ನಾನಾ ದೇಶಗಳಲ್ಲಿ ಬಳಕೆಗೆ ಬಂದ ಕಾರ್ಯವಿಧಾನದ ಪ್ರಯೋಗ ಮೊದಲು ನಡೆದದ್ದು ಅಮೆರಿಕದ ದಕ್ಷಿಣದ 11 ರಾಜ್ಯಗಳಲ್ಲಿ. ಅಲ್ಲಿಯ ಬಡ ರೈತರು ಸೋಮಾರಿಗಳೆಂಬ ಅಪವಾದವಿತ್ತು. ಅವರ ನಿತ್ರಾಣಕ್ಕೆ ಕಾರಣ ಕರುಳಿನಲ್ಲಿ ಕುಳಿತು ರಕ್ತ ಹೀರುವ ಕೊಕ್ಕೆಹುಳು ಎಂದು ಚಾರ್ಲ್ಸ್ ಸ್ಟೈಲ್ಸ್ ಎಂಬ ವಿಜ್ಞಾನಿ ಸಾರುತ್ತಿದ್ದರು. ಮಲದೊಡನೆ ಮಣ್ಣಿಗೆ ಸೇರಿ, ಬರಿಗಾಲಿನ ಚರ್ಮದ ಮೂಲಕ ಮತ್ತೆ ದೇಹ ಹೊಕ್ಕುವ ಹುಳು ಅದು. ಔಷಧಿ ಅಗ್ಗ, ಚಿಕಿತ್ಸೆ ಸುಲಭ. 1909ರಲ್ಲಿ ರಾಕ್‌ಫೆಲರ್ ಇದರ ನಿವಾರಣೆಗೆ 10 ಲಕ್ಷ ಡಾಲರ್ ಘೋಷಿಸಿದರು.

ಆಯೋಗದ ಚುಕ್ಕಾಣಿ ಹಿಡಿದವರು ವಿಕ್ಲಿಫ್ ರೋಸ್ ಎಂಬ ತತ್ತ್ವಶಾಸ್ತ್ರದ ಅಧ್ಯಾಪಕರು. ದಕ್ಷಿಣದ ಜನ ಸ್ವಾಭಿಮಾನಿಗಳು. ಉತ್ತರದ ಕುಬೇರನೊಬ್ಬ ತಮ್ಮನ್ನು ರೋಗಿಷ್ಠರೆಂದು ಸಾರುವುದು ಅವರಿಗೆ ಅವಮಾನವೆನಿಸಿತು. ರಾಕ್‌ಫೆಲರ್ ಪಾದರಕ್ಷೆಯ ವ್ಯಾಪಾರಕ್ಕೆ ಇಳಿಯಲಿದ್ದಾರೆ, ಅದಕ್ಕೇ ಈ ಪುಕಾರು ಎಂಬ ಗುಮಾನಿಯೂ ಹಬ್ಬಿತು. ರೋಸ್ ಇದನ್ನು ಅರಿತು ದಾನಿಯ ಹೆಸರನ್ನು ಹಿಂದಿಟ್ಟು ಆಯಾ ರಾಜ್ಯದ ಆರೋಗ್ಯ ಮಂಡಳಿಯನ್ನು ಮುಂದಿಟ್ಟರು. ಸಂಚಾರಿ ಚಿಕಿತ್ಸಾಲಯಗಳಿಗೆ ಜನ ಜಾತ್ರೆಗೆ ಬಂದಂತೆ ಬಂದರು. ಪರೀಕ್ಷೆಗೆ ಒಳಗಾದ ಶಾಲಾಮಕ್ಕಳಲ್ಲಿ ಸುಮಾರು ಶೇಕಡಾ 40 ಮಂದಿಗೆ ಹುಳುವಿನ ಬಾಧೆಯಿತ್ತು. ಐದು ವರ್ಷಗಳಲ್ಲಿ ಏಳು ಲಕ್ಷದಷ್ಟು ಜನರಿಗೆ ಚಿಕಿತ್ಸೆ ದೊರೆಯಿತು. ಹುಳು ನಿರ್ಮೂಲವಾಗಲಿಲ್ಲ. ಆದರೆ ಆರೋಗ್ಯ ಇಲಾಖೆಗೆ ಹಣ ಕೊಡಬೇಕೆಂಬ ಪಾಠವನ್ನು ರಾಜ್ಯ ಸರ್ಕಾರಗಳು ಕಲಿತವು.

ಪ್ರತಿಷ್ಠಾನದ ಜನನ

ಇಷ್ಟರಲ್ಲಿ ಗೇಟ್ಸ್ ಮತ್ತು ರಾಕ್‌ಫೆಲರ್ ಪುತ್ರ ಜಾನ್ ರಾಕ್‌ಫೆಲರ್ ಕಿರಿಯ ಇಬ್ಬರೂ ಒಂದು ದೊಡ್ಡ ಯೋಜನೆ ಹೂಡಿದ್ದರು. ನಿರ್ದಿಷ್ಟ ಊರು, ಪಂಥ ಅಥವಾ ಶಾಲೆಗೆ ಕಟ್ಟುಬೀಳದೆ ಇಡೀ ಮಾನವಕುಲದ ಹಿತವನ್ನೇ ಗುರಿಯಾಗಿ ಉಳ್ಳ ಶಾಶ್ವತ ಪ್ರತಿಷ್ಠಾನವೊಂದು ಅವರ ಕನಸು. 1909ರಲ್ಲಿ ರಾಕ್‌ಫೆಲರ್ ಸುಮಾರು 5 ಕೋಟಿ ಡಾಲರ್ ಬೆಲೆಬಾಳುವ ಷೇರುಗಳನ್ನು ಇದಕ್ಕೆಂದು ಧರ್ಮದರ್ಶಿಗಳ ವಶಕ್ಕೆ ಕೊಟ್ಟರು. 1910ರ ಮಾರ್ಚ್‌ನಲ್ಲಿ ಸನ್ನದು ಕೋರುವ ಮಸೂದೆ ಅಮೆರಿಕದ ಸೆನೆಟ್ ಮುಂದೆ ಬಂತು.

ಕಾಲ ಅವರಿಗೆ ಅನುಕೂಲವಾಗಿರಲಿಲ್ಲ. ಒಂದು ಕಡೆ ಸರ್ಕಾರ ಸ್ಟಾಂಡರ್ಡ್ ಆಯಿಲ್ ಮೇಲೆ ದಾವೆ ಹೂಡಿತ್ತು. ಅದೇ ಸರ್ಕಾರದಿಂದ ಅದೇ ಕಂಪನಿಯ ಒಡೆಯರು ದತ್ತಿಗೆ ಮಾನ್ಯತೆ ಬೇಡುತ್ತಿದ್ದರು. ಅಧ್ಯಕ್ಷ ಟಾಫ್ಟ್ ಸಹ ವಿರೋಧಿಸಿದರು. ಯಾರಿಗೂ ಉತ್ತರ ಹೇಳಬೇಕಿಲ್ಲದ ಕೋಟ್ಯಂತರ ಡಾಲರ್ ಒಂದು ಕೂಟದ ಕೈಯಲ್ಲಿ ಕಾಲಕಾಲಕ್ಕೂ ಉಳಿದರೆ ಪ್ರಜಾಪ್ರಭುತ್ವದ ಗತಿಯೇನು ಎಂಬ ಆತಂಕ ವಿರೋಧಿಗಳದು. ಇದನ್ನು ಶಮನಗೊಳಿಸಲು ರಾಕ್‌ಫೆಲರ್ ಕಡೆಯವರು ನಿಧಿಗೆ 10 ಕೋಟಿ ಡಾಲರುಗಳ ಮಿತಿ ಹಾಕಲು, ಧರ್ಮದರ್ಶಿಗಳ ನೇಮಕದಲ್ಲಿ ರಾಷ್ಟ್ರಾಧ್ಯಕ್ಷ, ಮುಖ್ಯ ನ್ಯಾಯಮೂರ್ತಿ ಮೊದಲಾದವರಿಗೆ ತಡೆಯುವ ಅಧಿಕಾರ ನೀಡಲು ಸಹ ಒಪ್ಪಿದರು. ಆದರೂ ಮಸೂದೆ ಪಾರಾಗಲಿಲ್ಲ. ಕೊನೆಗೆ ನ್ಯೂಯಾರ್ಕ್ ರಾಜ್ಯದ ಶಾಸನಸಭೆಯ ಮೊರೆಹೊಕ್ಕರು. 1913ರ ಮೇ 14ರಂದು ಅಲ್ಲಿ ಸನ್ನದು ದೊರೆಯಿತು, ಒಪ್ಪಿಕೊಂಡಿದ್ದ ಆ ಕಟ್ಟುಪಾಡುಗಳು ಯಾವುವೂ ಇಲ್ಲದೆ! ಒಂದೆರಡು ವರ್ಷಗಳಲ್ಲೇ ಮೂಲಧನ 10 ಕೋಟಿ ಡಾಲರ್ ಮುಟ್ಟಿತು.

ಈ ವ್ಯವಸ್ಥೆಯ ಮರ್ಮ ಸರಳ. ಮೂಲಧನವನ್ನು ಷೇರು, ಸಾಲಪತ್ರಗಳಲ್ಲಿ ತೊಡಗಿಸಲಾಗುತ್ತದೆ. ಅದರಿಂದ ಬರುವ ಆದಾಯ ವರ್ಷವರ್ಷವೂ ಕಾರ್ಯಕ್ರಮಗಳಿಗೆ ಸಲ್ಲುತ್ತದೆ. ನಮ್ಮ ದೇವಸ್ಥಾನಗಳಿಗೆ ಬಿಟ್ಟ ಉಂಬಳಿಯ ಜಮೀನು ಊರ್ಜಿತವಾಗಿದ್ದು ಬೆಳೆ ಮಾತ್ರ ಸೇವೆಗೆ ಸಲ್ಲುವಂತೆ. ವರ್ಷಕ್ಕೆ ಇಷ್ಟು ಖರ್ಚು ಮಾಡಲೇಬೇಕೆಂಬ ಕಾನೂನು ಆಗ ಇರಲಿಲ್ಲ. ಅಮೆರಿಕದಲ್ಲಿ ಅಂಥ ನಿಯಮ ಬಂದದ್ದು 1969ರಲ್ಲಿ. ಖಾಸಗಿ ಪ್ರತಿಷ್ಠಾನಗಳು ತಮ್ಮ ಹೂಡಿಕೆಯ ಮೌಲ್ಯದಲ್ಲಿ ಶೇಕಡಾ 5ರಷ್ಟನ್ನಾದರೂ ವರ್ಷಂಪ್ರತಿ ವಿನಿಯೋಗಿಸಬೇಕೆಂಬುದು ಈಗಿನ ಕಟ್ಟಳೆ.

ಪ್ರತಿಷ್ಠಾನಕ್ಕೆ ಹೆಸರು ಕೊಟ್ಟ ರಾಕ್‌ಫೆಲರ್ ಅದರ ಧರ್ಮದರ್ಶಿಗಳಲ್ಲಿ ಒಬ್ಬರಾಗಿದ್ದರೂ ಒಂದು ಸಭೆಗೂ ಹೋಗಲಿಲ್ಲ. ಸಮರ್ಥರನ್ನು ಆರಿಸಿ ಅಧಿಕಾರ ಕೊಟ್ಟ ಮೇಲೆ ಅಡ್ಡ ಬರಬಾರದೆಂಬುದು ವ್ಯಾಪಾರದಲ್ಲಿ ಅವರು ಪಾಲಿಸಿದ್ದ ನಿಯಮ. ದಾನದಲ್ಲೂ ಅದನ್ನೇ ಪಾಲಿಸಿದರು.

ಲಡ್ಲೋದ ಕಪ್ಪು ನೆರಳು

ಪ್ರತಿಷ್ಠಾನಕ್ಕೆ ವರ್ಷ ತುಂಬುವ ಮೊದಲೇ ದೊಡ್ಡ ಆಘಾತ ಎದುರಾಯಿತು. ಕೊಲರಾಡೊದಲ್ಲಿ ರಾಕ್‌ಫೆಲರ್ ಕುಟುಂಬಕ್ಕೆ ಸುಮಾರು ಶೇಕಡಾ 40ರಷ್ಟು ಪಾಲಿದ್ದ ಕಲ್ಲಿದ್ದಲು ಕಂಪನಿಯೊಂದಿತ್ತು. ಕಾರ್ಮಿಕರು ಮುಷ್ಕರ ಹೂಡಿ, ಕಂಪನಿಯ ಮನೆಗಳಿಂದ ಹೊರದೂಡಲ್ಪಟ್ಟು ಲಡ್ಲೋ ಎಂಬಲ್ಲಿ ಡೇರೆಗಳಲ್ಲಿ ವಾಸವಾಗಿದ್ದರು. 1914ರ ಏಪ್ರಿಲ್ 20ರಂದು ಮಿಲಿಷಿಯಾ ಪಡೆ ಗುಂಡು ಹಾರಿಸಿತು, ಡೇರೆಗಳಿಗೆ ಬೆಂಕಿ ಬಿತ್ತು. ಜೀವ ಉಳಿಸಿಕೊಳ್ಳಲು ಡೇರೆಯ ಕೆಳಗಿನ ಗುಂಡಿಯಲ್ಲಿ ಅಡಗಿದ್ದ ಇಬ್ಬರು ಹೆಂಗಸರೂ 11 ಮಕ್ಕಳೂ ಉಸಿರುಗಟ್ಟಿ ಸತ್ತರು.

ಮಾನವಕುಲದ ಹಿತಕ್ಕೆಂದು ನಿಧಿ ಸ್ಥಾಪಿಸಿದ ಮನೆತನದ ಗಣಿಯಲ್ಲೇ ಇದು ನಡೆದದ್ದು. ಇದರ ನಡುವೆ ಪ್ರತಿಷ್ಠಾನವು ಕೈಗಾರಿಕಾ ಸಂಬಂಧಗಳ ಅಧ್ಯಯನಕ್ಕೆಂದು ಕೆನಡಾದ ಮೆಕೆಂಜಿ ಕಿಂಗ್ ಅವರನ್ನು ನೇಮಿಸಿಕೊಂಡಿತು. ಅವರು ಮುಂದೆ ಆ ದೇಶದ ಪ್ರಧಾನಿಯಾದವರು. ಕುಟುಂಬದ ಹೆಸರು ತೊಳೆಯಲು ದತ್ತಿಯ ಹಣ ಬಳಕೆಯಾಗುತ್ತಿದೆ ಎಂಬ ಆರೋಪ ಕೇಳಿಬಂತು. ಕೈಗಾರಿಕಾ ಸಂಬಂಧಗಳ ರಾಷ್ಟ್ರೀಯ ಆಯೋಗ ತಂದೆಯನ್ನೂ ಮಗನನ್ನೂ ಕರೆಸಿ ಪ್ರಶ್ನಿಸಿತು. ಇಂಥ ಪ್ರತಿಷ್ಠಾನಗಳು ಉದ್ಯಮಿಗಳ ಪ್ರಭಾವವನ್ನು ಶಿಕ್ಷಣ ಮತ್ತು ಸಮಾಜಸೇವೆಯ ಕ್ಷೇತ್ರಕ್ಕೂ ವಿಸ್ತರಿಸುವ ಸಾಧನಗಳೆಂದು ಆಯೋಗದ ವರದಿ ಟೀಕಿಸಿತು.

ಇದರಿಂದ ಪ್ರತಿಷ್ಠಾನದ ದಾರಿಯೇ ಬದಲಾಯಿತು. ಕೂಲಿ, ಭೂಮಿ, ಬಡತನದಂಥ ಉರಿಯುವ ವಿಷಯಗಳಿಂದ ದೂರ ಸರಿದು, ಯಾರೂ ತಕರಾರು ಮಾಡದ ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ ಕ್ಷೇತ್ರಗಳನ್ನು ಅದು ಆರಿಸಿಕೊಂಡಿತು. ಲೋಕಕ್ಕೆ ಅದರಿಂದ ಲಾಭವಾಯಿತು. ಆದರೆ ರೋಗವನ್ನು ಬಡತನದಿಂದ ಬೇರ್ಪಡಿಸಿ ನೋಡುವ ದೃಷ್ಟಿಯೂ ಜೊತೆಯಲ್ಲೇ ಬಂತು.

ಗಡಿ ದಾಟಿದ ಹಣ

ವಿದೇಶಗಳ ಕೆಲಸಕ್ಕೆಂದು 1913ರ ಜೂನ್‌ನಲ್ಲೇ ಅಂತರರಾಷ್ಟ್ರೀಯ ಆರೋಗ್ಯ ಆಯೋಗ ರಚನೆಯಾಗಿತ್ತು. ನಿರ್ದೇಶಕರು ಅದೇ ವಿಕ್ಲಿಫ್ ರೋಸ್. ಮರುವರ್ಷ ಬ್ರಿಟಿಷ್ ಗಯಾನಾದಲ್ಲಿ ಕೊಕ್ಕೆಹುಳುವಿನ ವಿರುದ್ಧ ಕೆಲಸ ಆರಂಭವಾಯಿತು. ಅವರ ವಿಧಾನದಲ್ಲಿ ಕೆಲವು ನಿಯಮಗಳು ಅಚಲ. ಆಯಾ ಸರ್ಕಾರ ಆಹ್ವಾನಿಸದೆ ಯಾವ ದೇಶಕ್ಕೂ ಕಾಲಿಡುವಂತಿಲ್ಲ. ಮೊದಲು ಒಂದು ಸಣ್ಣ ಪ್ರದೇಶದಲ್ಲಿ ಕೆಲಸ ಮಾಡಿ ತೋರಿಸಬೇಕು. ಖರ್ಚಿನಲ್ಲಿ ಪ್ರತಿಷ್ಠಾನದ ಪಾಲು ವರ್ಷದಿಂದ ವರ್ಷಕ್ಕೆ ಇಳಿಯಬೇಕು, ಸರ್ಕಾರದ ಪಾಲು ಏರಬೇಕು, ಕೊನೆಗೆ ಸರ್ಕಾರವೇ ಪೂರ್ತಿ ವಹಿಸಿಕೊಳ್ಳಬೇಕು. ಸ್ಥಳೀಯ ವೈದ್ಯರಿಗೆ ವಿದೇಶದಲ್ಲಿ ಓದಲು ವಿದ್ಯಾರ್ಥಿವೇತನ ಕೊಡಬೇಕು. ಹಿಂದಿರುಗಿದವರು ತಮ್ಮ ದೇಶದ ಇಲಾಖೆಯನ್ನು ನಡೆಸಬೇಕು. ಅಂತರರಾಷ್ಟ್ರೀಯ ನೆರವಿನ ಸಂಸ್ಥೆಗಳು ಇಂದಿಗೂ ಬಳಸುವ ಎಷ್ಟೋ ಕ್ರಮಗಳ ಮೂಲ ಇಲ್ಲಿದೆ.

ಫಲ ಎಲ್ಲೆಡೆ ಒಂದೇ ಬಗೆಯದಾಗಿರಲಿಲ್ಲ. ಸಿಲೋನಿನ ಚಹಾ ತೋಟಗಳಲ್ಲಿ ತಮಿಳು ಕೂಲಿಗಳಿಗೆ ಔಷಧಿ ಕೊಟ್ಟದ್ದಾಯಿತು. ಆದರೆ ಶೌಚಾಲಯ ಕಟ್ಟಿಸಲು ತೋಟದ ಮಾಲೀಕರು ಹಿಂದೇಟು ಹಾಕಿದರು. ಬರಿಗಾಲಿನ ಕೂಲಿಯ ದೇಹಕ್ಕೆ ಹುಳು ಮತ್ತೆ ಹೊಕ್ಕಿತು. ಬೀಜಿಂಗ್‌ನಲ್ಲಿ ಮಿಷನರಿಗಳಿಂದ ಕೊಂಡ ಕಾಲೇಜನ್ನು ಅಪಾರ ವೆಚ್ಚದಲ್ಲಿ ಪುನರ್ನಿರ್ಮಿಸಿ 1921ರಲ್ಲಿ ಪೀಕಿಂಗ್ ಯೂನಿಯನ್ ವೈದ್ಯಕೀಯ ಕಾಲೇಜು ಎಂದು ಉದ್ಘಾಟಿಸಲಾಯಿತು. ಇಂಗ್ಲಿಷಿನಲ್ಲಿ ಪಾಠ, ಅಮೆರಿಕದ ಮಟ್ಟದ ಶಿಕ್ಷಣ. ಅಲ್ಲಿ ಕಲಿತವರು ಚೀನಾದ ವೈದ್ಯಕೀಯ ಕ್ಷೇತ್ರಕ್ಕೆ ಮುಂದಾಳುಗಳಾದರು ನಿಜ. ಆದರೆ ಎರಡು ದಶಕಗಳಲ್ಲಿ ತೇರ್ಗಡೆಯಾದವರು ಮುನ್ನೂರರ ಆಸುಪಾಸಿನಲ್ಲಿದ್ದರು, ದೇಶದ ಜನಸಂಖ್ಯೆ ನಲವತ್ತು ಕೋಟಿಗೂ ಹೆಚ್ಚು.

ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳನ್ನು ಕಾಡುತ್ತಿದ್ದ ಹಳದಿ ಜ್ವರದ ವಿರುದ್ಧದ ಹೋರಾಟಕ್ಕೆ ಜೀವಗಳೇ ಬಲಿಯಾದವು. 1927ರಲ್ಲಿ ಏಡ್ರಿಯನ್ ಸ್ಟೋಕ್ಸ್, 1928ರಲ್ಲಿ ಅಕ್ರಾದಲ್ಲಿ ಜಪಾನಿನ ಹಿದೆಯೋ ನೊಗುಚಿ ಮತ್ತು ಅವರ ಹಿಂದೆಯೇ ವಿಲಿಯಂ ಯಂಗ್ ತಾವು ಅಧ್ಯಯನ ಮಾಡುತ್ತಿದ್ದ ಜ್ವರದಿಂದಲೇ ಮಡಿದರು. ಪ್ರತಿಷ್ಠಾನದ ನ್ಯೂಯಾರ್ಕ್ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಥೀಲರ್ ತಂಡ 1937ರಲ್ಲಿ ಸಿದ್ಧಪಡಿಸಿದ ಲಸಿಕೆಗೆ 1951ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಇಂದು ಬೆಂಗಳೂರಿನಿಂದ ಹಳದಿ ಜ್ವರವಿರುವ ಆಫ್ರಿಕದ ದೇಶಗಳಿಗೆ ತೆರಳುವವರು ಹಾಕಿಸಿಕೊಳ್ಳುವ ಲಸಿಕೆಯ ಪೂರ್ವಜ ಅದೇ.

ಎಲ್ಲ ಹಣವೂ ಒಳಿತಿಗೆ ಸಂದಿತೆಂದು ಹೇಳಲಾಗದು. ಜರ್ಮನಿಯಲ್ಲಿ ವಂಶಶುದ್ಧಿಯ ಸಿದ್ಧಾಂತಕ್ಕೆ ಒತ್ತಾಸೆಯಾದ ಕೆಲವು ಸಂಶೋಧನಾ ಸಂಸ್ಥೆಗಳಿಗೂ ಈ ಪ್ರತಿಷ್ಠಾನ 1920ರ ದಶಕದಲ್ಲಿ ನೆರವು ನೀಡಿತ್ತು. ಆ ಸಿದ್ಧಾಂತವನ್ನು ನಾತ್ಸಿಗಳು ಯಾವುದಕ್ಕೆ ಬಳಸಿದರೆಂಬುದು ಲೋಕಕ್ಕೇ ಗೊತ್ತು.

ಮೈಸೂರಿನಿಂದ ಕ್ಯಾಸನೂರಿನವರೆಗೆ

ಭಾರತದೊಡನೆ ಪ್ರತಿಷ್ಠಾನದ ಸಂಬಂಧ ಹಳೆಯದು. ಕೊಲ್ಕತ್ತದ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ 1932ರಲ್ಲಿ ಆರಂಭವಾದದ್ದು ಅದರ ನೆರವಿನಿಂದ. ಮೈಸೂರು ಸಂಸ್ಥಾನವೂ ತನ್ನ ಆರೋಗ್ಯ ಇಲಾಖೆಯ ಸುಧಾರಣೆಗೆ ಪ್ರತಿಷ್ಠಾನದ ತಜ್ಞರನ್ನು ಕರೆಸಿಕೊಂಡಿತ್ತು. ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕ, ಸಂಸ್ಥಾನದ ಬೇರೆ ಬೇರೆ ಭಾಗಗಳಲ್ಲಿ ಮಲೇರಿಯಾ ಮತ್ತು ಸೊಳ್ಳೆಗಳ ಅಧ್ಯಯನ ಈ ಸಹಕಾರದ ಫಲಗಳು.

ರಾಕ್‌ಫೆಲರ್ ಗತಿಸಿ 15 ವರ್ಷಗಳಾದ ಮೇಲೆ, 1952ರಲ್ಲಿ, ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಒಟ್ಟುಗೂಡಿ ಪುಣೆಯಲ್ಲಿ ವೈರಾಣು ಸಂಶೋಧನಾ ಕೇಂದ್ರ ತೆರೆದವು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬಿದ್ದವು. ಸುತ್ತಲ ಹಳ್ಳಿಗಳಲ್ಲಿ ಜನ ತೀವ್ರ ಜ್ವರದಿಂದ ನರಳತೊಡಗಿದರು. ಹಳದಿ ಜ್ವರವೂ ಮಂಗಗಳನ್ನು ಕೊಲ್ಲುವ ರೋಗ. ಏಷ್ಯಾದಲ್ಲಿ ಎಂದೂ ಕಾಣಿಸಿಕೊಳ್ಳದ ಆ ಮಾರಿ ಕೊನೆಗೂ ಕಾಲಿಟ್ಟಿತೇ ಎಂಬ ಭಯದಿಂದ ಪುಣೆಯ ವಿಜ್ಞಾನಿಗಳು ಮಲೆನಾಡಿಗೆ ಧಾವಿಸಿದರು. ಸತ್ತ ಮಂಗಗಳಿಂದ ಅವರು ಬೇರ್ಪಡಿಸಿದ್ದು ಲೋಕಕ್ಕೇ ಹೊಸದಾದ, ಉಣುಗುಗಳಿಂದ ಹರಡುವ ವೈರಾಣು. ಅದಕ್ಕೆ ಆ ಕಾಡಿನ ಹೆಸರೇ ನಿಂತಿತು.

ಪುಣೆಯ ಕೇಂದ್ರದಲ್ಲಿ ರೋಸ್ ಅವರ ಹಳೆಯ ಸೂತ್ರ ಚಾಚೂತಪ್ಪದೆ ನಡೆಯಿತು. 1967ರಲ್ಲಿ ಪ್ರತಿಷ್ಠಾನ ಹಿಂದೆ ಸರಿದು ಪೂರ್ಣ ಹೊಣೆ ಭಾರತದ ಮಂಡಳಿಗೆ ಬಂತು. 1978ರಲ್ಲಿ ಅದು ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತು. 2020ರಲ್ಲಿ ದೇಶದ ಮೊದಲ ಕೊರೊನಾ ಪ್ರಕರಣವನ್ನು ದೃಢಪಡಿಸಿದ್ದೂ ಆ ಸಂಸ್ಥೆಯೇ. ಮಂಗನ ಕಾಯಿಲೆಯಾದರೋ ಮಲೆನಾಡನ್ನು ಬಿಟ್ಟುಹೋಗಿಲ್ಲ. ವೈರಾಣುವನ್ನು ಹಿಡಿಯುವುದಕ್ಕೂ ಕಾಡಂಚಿನ ಕೂಲಿಕಾರನನ್ನು ಅದರಿಂದ ಕಾಪಾಡುವುದಕ್ಕೂ ನಡುವಿನ ಅಂತರ ಸಿಲೋನಿನ ತೋಟಗಳಲ್ಲಿ ಕಂಡಷ್ಟೇ ದೊಡ್ಡದಾಗಿ ಉಳಿದಿದೆ.

ಕೃಷಿಯ ಕಥೆಯೂ ಇದರ ಜೊತೆಯದೇ. 1943ರಲ್ಲಿ ಮೆಕ್ಸಿಕೊದಲ್ಲಿ ಆರಂಭವಾದ ಪ್ರತಿಷ್ಠಾನದ ಕೃಷಿ ಕಾರ್ಯಕ್ರಮಕ್ಕೆ ಮರುವರ್ಷ ಸೇರಿದ ನಾರ್ಮನ್ ಬೋರ್ಲಾಗ್ ಗಿಡ್ಡ ಗೋಧಿ ತಳಿಗಳನ್ನು ಬೆಳೆಸಿದರು. 1963ರಲ್ಲಿ ಅವರು ಭಾರತಕ್ಕೆ ಬಂದರು. 1966ರಲ್ಲಿ ಮೆಕ್ಸಿಕೊದಿಂದ 18,000 ಟನ್ ಬಿತ್ತನೆ ಗೋಧಿ ಬಂತು. ಹಸಿರು ಕ್ರಾಂತಿ ದೇಶದ ಹಸಿವನ್ನು ತಗ್ಗಿಸಿತು. ನೀರು, ಗೊಬ್ಬರ, ಬಂಡವಾಳ ಇದ್ದವನಿಗೇ ಅದು ಮೊದಲು ಒಲಿದದ್ದೂ ಅಷ್ಟೇ ಸತ್ಯ.

ಕೊನೆಯ ಲೆಕ್ಕ

ವೃದ್ಧಾಪ್ಯದಲ್ಲಿ ರಾಕ್‌ಫೆಲರ್ ಗಾಲ್ಫ್ ಆಡುತ್ತ, ಎದುರಾದ ಮಕ್ಕಳಿಗೆ ಹತ್ತು ಸೆಂಟಿನ ಹೊಳೆಯುವ ನಾಣ್ಯ ಹಂಚುತ್ತ ದಿನ ಕಳೆದರು. 1937ರ ಮೇ 23ರಂದು ಫ್ಲಾರಿಡಾದ ತಮ್ಮ ಚಳಿಗಾಲದ ಮನೆಯಲ್ಲಿ ತೀರಿಕೊಂಡಾಗ, ಒಂದು ಕಾಲದ ದ್ವೇಷ ಬಹುಮಟ್ಟಿಗೆ ಕರಗಿತ್ತು. ತಮ್ಮ ಗಳಿಕೆಯ ರೀತಿಯ ಬಗ್ಗೆ ಅವರು ಎಂದೂ ಪಶ್ಚಾತ್ತಾಪ ಪಟ್ಟವರಲ್ಲ. ಗಳಿಸುವುದೂ ಕೊಡುವುದೂ ದೇವರು ವಹಿಸಿದ ಒಂದೇ ಕರ್ತವ್ಯದ ಎರಡು ಭಾಗಗಳೆಂದು ಕೊನೆಯವರೆಗೂ ನಂಬಿದ್ದರು.

ಪ್ರತಿಷ್ಠಾನದ ಆರೋಗ್ಯ ವಿಭಾಗ 1951ರಲ್ಲಿ ಮುಚ್ಚಿತು. ಅಷ್ಟರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹುಟ್ಟಿಕೊಂಡಿತ್ತು. ಆದರೆ ಖಾಸಗಿ ಹಣದ ಪಾತ್ರ ಅಲ್ಲಿಗೆ ಮುಗಿಯಲಿಲ್ಲ. 2000ದಲ್ಲಿ ಬಿಲ್ ಗೇಟ್ಸ್ ದಂಪತಿಯ ಪ್ರತಿಷ್ಠಾನ ಬಹುಪಾಲು ಅದೇ ಹಾದಿ ಹಿಡಿಯಿತು. ಒಂದು ಮುಖ್ಯ ವ್ಯತ್ಯಾಸವಿದೆ. ರಾಕ್‌ಫೆಲರ್ ಕಟ್ಟಿದ್ದು ಕೊನೆಯಿಲ್ಲದ ದತ್ತಿ. ಗೇಟ್ಸ್ ತಮ್ಮ ಪ್ರತಿಷ್ಠಾನ 2045ರಲ್ಲಿ ಬಾಗಿಲು ಮುಚ್ಚುವುದೆಂದು 2025ರಲ್ಲಿ ಘೋಷಿಸಿದ್ದಾರೆ. ಇತ್ತ ಎಣ್ಣೆಯಿಂದ ಹುಟ್ಟಿದ ರಾಕ್‌ಫೆಲರ್ ಪ್ರತಿಷ್ಠಾನವು ಕಲ್ಲಿದ್ದಲು, ತೈಲ ಮೊದಲಾದ ಇಂಧನಗಳಿಂದ ತನ್ನ ಹೂಡಿಕೆಯನ್ನು ಹಿಂತೆಗೆಯುವುದಾಗಿ 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು.

1910ರಲ್ಲಿ ಸೆನೆಟ್ ಮುಂದೆ ಎದ್ದ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ಯಾವ ರೋಗಕ್ಕೆ ಮೊದಲು ಮದ್ದು, ಯಾವ ದೇಶಕ್ಕೆ ಮೊದಲು ನೆರವು ಎಂಬುದನ್ನು ಮತದಾರರು ಆರಿಸದ ಕೆಲವರು ಮುಚ್ಚಿದ ಕೋಣೆಯಲ್ಲಿ ಕುಳಿತು ತೀರ್ಮಾನಿಸುವುದು ಸರಿಯೇ? ಸರ್ಕಾರಗಳು ಕೈಚೆಲ್ಲಿದ ಕಡೆ ಅವರ ಹಣ ಜೀವಗಳನ್ನು ಉಳಿಸಿದೆ ಎಂಬುದು ಒಂದು ತಕ್ಕಡಿಯಲ್ಲಿದೆ. ಶೌಚಾಲಯ ಕಟ್ಟದ ತೋಟದ ಮಾಲೀಕನನ್ನು ಆ ಹಣ ಪ್ರಶ್ನಿಸಲಿಲ್ಲ ಎಂಬುದು ಇನ್ನೊಂದರಲ್ಲಿದೆ. ಹದಿನಾರರ ಹರೆಯದ ಗುಮಾಸ್ತ ಬರೆದಿಟ್ಟ ಪುಸ್ತಕದಲ್ಲಿ ಜಮಾ ಮತ್ತು ಖರ್ಚು ಕಾಸಿಗೆ ಕಾಸು ತಾಳೆಯಾಗುತ್ತಿದ್ದವು. ಅವರು ಬಿಟ್ಟುಹೋದ ದತ್ತಿಯ ಲೆಕ್ಕವನ್ನು ಮಾತ್ರ ಪ್ರತಿ ತಲೆಮಾರೂ ಹೊಸದಾಗಿ ತಾಳೆ ನೋಡಬೇಕಾಗಿದೆ.